ಮೊದಲ ವಾರ ಕ್ಲಾಸ್ ಅನ್ನೋ ಪದಾನೇ ಎತ್ತದೆ ಆಬ್ಜೆಕ್ಟ್ ಪಾಠ ಮಾಡಿದ್ದು

ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್, ಅಂದ್ರೆ ಮಾಹಿತೀನೂ ಅದರ ಮೇಲೆ ಮಾಡೋ ಕೆಲಸಾನೂ ಆಬ್ಜೆಕ್ಟ್ ಅನ್ನೋ ಒಂದೇ ಘಟಕದಲ್ಲಿ ಕಟ್ಟಿ ಪ್ರೋಗ್ರಾಮ್ ಬರೆಯೋ ಪದ್ಧತಿ, ಈ ಕೋರ್ಸನ್ನ ನಾನು ಪಾಠ ಮಾಡಿದ್ದು ಇದು ಐದನೇ ಸಲ. ಮೊದಲ ನಾಲ್ಕು ಸಲಾನೂ ಶುರು ಮಾಡಿದ್ದು ಒಂದೇ ತರ, ಬೋರ್ಡ್ ಮೇಲೆ ಎನ್‌ಕ್ಯಾಪ್ಸುಲೇಶನ್, ಅಬ್‌ಸ್ಟ್ರ್ಯಾಕ್ಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಅಂತ ನಾಲ್ಕು ಪದ ಬರೆದು, ಒಂದೊಂದಕ್ಕೂ ಎರಡು ಸಾಲಿನ ಡೆಫಿನಿಶನ್ ಕೊಟ್ಟು, ಆಮೇಲೆ ಪ್ರಾಣಿ ಅಂತ ಒಂದು ಕ್ಲಾಸು (ಆಬ್ಜೆಕ್ಟ್ ಮಾಡೋಕೆ ಇರೋ ಅಚ್ಚು), ಅದರ ಕೆಳಗೆ ನಾಯಿ ಬೆಕ್ಕು. ಹುಡುಗ್ರು ಪಟಪಟ ಬರ್ಕೊಳ್ಳೋರು, ಪರೀಕ್ಷೇಲೂ ಚೆನ್ನಾಗೇ ಬರೆಯೋರು. ಆದ್ರೆ ಹೋದ ಸಲ ಲ್ಯಾಬಲ್ಲಿ ಒಬ್ಬ ಹುಡುಗ, ಇಂಟರ್ನಲ್ಸಲ್ಲಿ ಎನ್‌ಕ್ಯಾಪ್ಸುಲೇಶನ್ (ಆಬ್ಜೆಕ್ಟ್ ಒಳಗಿನ ಮಾಹಿತಿ ಹೊರಗಿನೋರು ಮುಟ್ಟದ ಹಾಗೆ ಮುಚ್ಚಿಡೋದು) ಪ್ರಶ್ನೆಗೆ ಪೂರ್ತಿ ಮಾರ್ಕ್ಸ್ ತಗೊಂಡೋನು, ತನ್ನ ಪ್ರೋಗ್ರಾಮಲ್ಲಿದ್ದ ಎಲ್ಲಾ ಫೀಲ್ಡನ್ನೂ (ಆಬ್ಜೆಕ್ಟ್ ಒಳಗಿನ ಮಾಹಿತಿಯ ಜಾಗ) ಪಬ್ಲಿಕ್ ಮಾಡಿ, ಅಂದ್ರೆ ಯಾರು ಬೇಕಾದ್ರೂ ಮುಟ್ಟೋ ಹಾಗಿಟ್ಟು, ಪ್ರೋಗ್ರಾಮ್ ಶುರುವಾಗೋ ಮೇನ್ ಒಳಗಿಂದಾನೇ ಒಂದೊಂದಾಗಿ ತಿದ್ತಾ ಕೂತಿದ್ದ. ಯಾಕಪ್ಪಾ ಹೀಗೆ ಅಂದ್ರೆ, ಸರ್ ಪ್ರೈವೇಟ್ ಹಾಕಿದ್ರೆ ಎರರ್ ಬರುತ್ತೆ ಅಂದ. ಅವನದೇನೂ ತಪ್ಪಿಲ್ಲ, ಪ್ರೈವೇಟ್ ಯಾಕೆ ಬೇಕು ಅನ್ನೋ ಸಂದರ್ಭಾನೇ ನಾನು ಅವನಿಗೆ ತೋರಿಸಿರ್ಲಿಲ್ಲ, ಬರೀ ಪದ ಕೊಟ್ಟಿದ್ದೆ. ಅದು ತುಂಬಾ ದಿನ ಮನಸ್ಸಲ್ಲಿ ಕೊರೀತಾ ಇತ್ತು. ಅದಕ್ಕೆ ಈ ಸೆಮಿಸ್ಟರ್ ಪಾಠದ ಕ್ರಮಾನೇ ಬದಲಾಯಿಸ್ದೆ, ಸಿಲಬಸ್ ಅದೇ, ಭಾಷೆ ಅದೇ ಜಾವಾ, ಆದ್ರೆ ಯಾವುದು ಮೊದಲು ಯಾವುದು ಆಮೇಲೆ ಅನ್ನೋದು ಬೇರೆ. ಹೇಗಾಯ್ತು ಅಂತ ಬರೀತೀನಿ, ಪಾಠ ಮಾಡೋರಿಗೂ ಕಲಿಯೋರಿಗೂ ಏನಾದ್ರೂ ಉಪಯೋಗ ಆಗ್ಬಹುದು.

ಮೊದಲ ದಿನ ಕಂಪ್ಯೂಟರ್ ಆನ್ ಮಾಡ್ಲೇ ಇಲ್ಲ. ಮುಂದಿನ ಬೆಂಚಿಂದ ಒಬ್ಬ ಹುಡುಗೀನ ಕರೆದು ಕೈಗೊಂದು ಚೀಟಿ ಕೊಟ್ಟು, ನೀನೊಂದು ಕೌಂಟರ್ ಕಣಮ್ಮ, ಚೀಟಿ ಮೇಲೆ ಸೊನ್ನೆ ಅಂತ ಬರ್ಕೋ, ಯಾರಿಗೂ ತೋರಿಸ್ಬೇಡ, ಯಾರಾದ್ರೂ ‘ಹೆಚ್ಚಿಸು’ ಅಂದ್ರೆ ಒಂದು ಕೂಡ್ಸು, ‘ಎಷ್ಟು’ ಅಂದ್ರೆ ಇರೋ ನಂಬರ್ ಹೇಳು, ಇವೆರಡು ಬಿಟ್ಟು ಇನ್ನೇನು ಕೇಳಿದ್ರೂ ಗೊತ್ತಿಲ್ಲ ಅನ್ನು ಅಂದೆ. ಇನ್ನೊಬ್ಬ ಹುಡುಗನಿಗೂ ಅದೇ ತರ ಚೀಟಿ, ಅದೇ ಎರಡು ಮಾತು. ಕ್ಲಾಸಲ್ಲಿದ್ದೋರು ಕೂಗೋಕೆ ಶುರು ಮಾಡಿದ್ರು, ಮೊದಲನೇ ಕೌಂಟರಿಗೆ ಮೂರು ಸಲ ಹೆಚ್ಚಿಸು, ಎರಡನೇದಕ್ಕೆ ಒಂದ್ಸಲ. ಆಮೇಲೆ ಎಷ್ಟು ಅಂತ ಕೇಳಿದಾಗ ಅವಳು ಮೂರು, ಇವನು ಒಂದು. ಹಿಂದಿಂದ ಒಬ್ಬ ಎದ್ದು ನಾನು ಅವಳ ಚೀಟೀಲಿ ನೇರವಾಗಿ ನೂರು ಅಂತ ಬರೆದ್ರೆ ಏನಾಗುತ್ತೆ ಸರ್ ಅಂದ. ನಾನು ಕಾಯ್ತಿದ್ದಿದ್ದೇ ಆ ಪ್ರಶ್ನೆಗೆ. ಹೋಗಿ ಬರಿ ಅಂದೆ, ಬರೆದ. ಈಗ ಎಷ್ಟು ಸಲ ಹೆಚ್ಚಿಸು ಅಂದಿದ್ದೀವಿ ಅಂತ ಅವಳನ್ನ ನಂಬ್ಕೊಂಡು ಯಾರಾದ್ರೂ ಹೇಳೋಕಾಗುತ್ತಾ ಅಂದ್ರೆ ಎಲ್ಲಾ ಸುಮ್ನಾದ್ರು. ಪ್ರೈವೇಟ್ ಅನ್ನೋ ಪದ ಆ ದಿನ ಬಾಯಿಗೆ ಬರ್ಲೇ ಇಲ್ಲ, ಆದ್ರೆ ಎರಡು ವಾರ ಆದ್ಮೇಲೆ ಆ ಕೀವರ್ಡ್ ಬಂದಾಗ ಚೀಟಿ ಅಂತ ಒಂದೇ ಮಾತು ಹೇಳಿದ್ದು, ಅಷ್ಟು ಸಾಕಾಯ್ತು.

ಇದೇನೂ ನನ್ನ ಕಂಡುಹಿಡಿಕೆ ಅಲ್ಲ. ಆಬ್ಜೆಕ್ಟ್ ಅನ್ನೋದು ಹುಟ್ಟಿದ್ದೇ ಈ ತರ ಆಟದ ಜೊತೆ ಅಂತ ಹೇಳ್ಬಹುದು, ನಾರ್ವೇಲಿ ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಲ್ಲಿ ಓಲೆ ಯೋಹಾನ್ ಡಾಲ್ ಮತ್ತೆ ಕ್ರಿಸ್ಟನ್ ನ್ಯೂಗೋರ್ ಇಬ್ರೂ ಸಿಮ್ಯುಲೇಶನ್ (ನಿಜ ಜಗತ್ತಿನ ಕೆಲಸದ ಅನುಕರಣೆ) ಮಾಡೋಕೆ ಅಂತಾನೇ ಭಾಷೆ ಕಟ್ಟಿದ್ದು, ಕ್ಯೂ, ಗಿರಾಕಿ, ಕೌಂಟರು ಇಂಥವು ಪ್ರೋಗ್ರಾಮ್ ಒಳಗೆ ಜೀವ ಇರೋ ತರ ಓಡಾಡ್ಲಿ ಅಂತ. ಸಿಮ್ಯುಲಾ ಅನ್ನೋ ಆ ಭಾಷೆಯ 1967ರ ಆವೃತ್ತೀಲೇ ಕ್ಲಾಸು, ಸಬ್‌ಕ್ಲಾಸು ಎಲ್ಲಾ ಬಂದಿದ್ದು, ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ 2001ರ ಟ್ಯೂರಿಂಗ್ ಪ್ರಶಸ್ತಿ ಅವರಿಬ್ಬರಿಗೇ ಬಂತು. ಆಮೇಲೆ ಸ್ಮಾಲ್‌ಟಾಕ್ ಭಾಷೆ ಕಟ್ಟಿದ ಅಲನ್ ಕೇ ಅಂತೂ ಆಬ್ಜೆಕ್ಟಿಗಿಂತ ಅವು ಒಂದಕ್ಕೊಂದು ಕಳಿಸೋ ಮೆಸೇಜೇ ಮುಖ್ಯ ಅಂತ ಹೇಳ್ತಾ ಬಂದೋರು. ಇದನ್ನೆಲ್ಲಾ ಕ್ಲಾಸಲ್ಲಿ ಐದು ನಿಮಿಷ ಹೇಳಿದೆ, ಹುಡುಗ್ರಿಗೆ ಇಷ್ಟ ಆಯ್ತು, ಯಾಕಂದ್ರೆ ನಾಲ್ಕು ಪದಗಳು ಎಲ್ಲಿಂದಲೋ ಉದುರಿದ್ದಲ್ಲ, ಯಾರಿಗೋ ಒಂದು ಕೆಲಸ ಆಗ್ಬೇಕಿತ್ತು ಅದಕ್ಕೆ ಮಾಡ್ಕೊಂಡ್ರು ಅಂತ ಗೊತ್ತಾದ್ರೆ ಕಲಿಯೋಕೆ ಒಂದು ಹಿಡಿತ ಸಿಗುತ್ತೆ.

ಮೊದಲೆರಡು ವಾರದ ಲ್ಯಾಬಿಗೆ ಬ್ಲೂಜೆ ಅನ್ನೋ, ಜಾವಾ ಕಲಿಯೋರಿಗೆ ಅಂತ ಮಾಡಿದ ಸಾಫ್ಟ್‌ವೇರ್ ಹಾಕಿಸಿದ್ದೆ. ಅದ್ರಲ್ಲಿ ಮೇನ್ ಬರೀದೇನೇ ಕ್ಲಾಸಿನ ಮೇಲೆ ರೈಟ್ ಕ್ಲಿಕ್ ಮಾಡಿ ಆಬ್ಜೆಕ್ಟ್ ಮಾಡ್ಬಹುದು, ಅದು ಕೆಳಗಡೆ ಕೆಂಪು ಪೆಟ್ಟಿಗೆ ತರ ಬಂದು ಕೂರುತ್ತೆ, ಅದರ ಮೇಲೆ ಕ್ಲಿಕ್ ಮಾಡಿ ಮೆಥಡ್, ಅಂದ್ರೆ ಅದಕ್ಕೆ ಗೊತ್ತಿರೋ ಕೆಲಸ, ಕರೀಬಹುದು. ಒಂದೇ ಕ್ಲಾಸಿಂದ ಮೂರು ಕೆಂಪು ಪೆಟ್ಟಿಗೆ ಮಾಡಿ ಒಂದನ್ನ ಹೆಚ್ಚಿಸಿದಾಗ ಉಳಿದವು ಅಲ್ಲಾಡದೆ ಇರೋದನ್ನ ಕಣ್ಣಾರೆ ನೋಡೋದಿದ್ಯಲ್ಲ, ಅದಕ್ಕೆ ನನ್ನ ಬೋರ್ಡಿನ ಯಾವ ಚಿತ್ರಾನೂ ಸಮ ಇಲ್ಲ. ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್ ಅನ್ನೋ ಸಾಲು ಮೊದಲ ದಿನಾನೇ ಬರೆಸಿ, ಇದನ್ನ ಈಗ ಕೇಳ್ಬೇಡಿ ಆಮೇಲೆ ಹೇಳ್ತೀನಿ ಅನ್ನೋ ಕಷ್ಟಾನೂ ತಪ್ತು. 2025ರಲ್ಲಿ ಬಂದ ಜಾವಾ 25ರಲ್ಲಿ ಆ ಉದ್ದ ಸಾಲಿಲ್ದೇನೇ ಚಿಕ್ಕ ಪ್ರೋಗ್ರಾಮ್ ಬರೀಬಹುದು, ನಮ್ಮ ಲ್ಯಾಬಲ್ಲಿರೋದು ಹಳೇ ವರ್ಷನ್.

ಮೂರನೇ ವಾರ ಕನ್‌ಸ್ಟ್ರಕ್ಟರ್, ಆಬ್ಜೆಕ್ಟ್ ಹುಟ್ಟುವಾಗ ಓಡೋ ಕೋಡ್. ಇಲ್ಲಿ ಪ್ರತಿ ವರ್ಷಾನೂ ಬೀಳೋ ಗುಂಡಿ ಎರಡಿವೆ, ಎರಡರಲ್ಲೂ ಕಂಪೈಲರ್ (ಕೋಡನ್ನ ಕಂಪ್ಯೂಟರಿಗೆ ಅನುವಾದಿಸೋ ಪ್ರೋಗ್ರಾಮ್) ತುಟಿ ಬಿಚ್ಚಲ್ಲ. ಮೊದಲನೇದು ದಿಸ್, ಅಂದ್ರೆ ಈ ಆಬ್ಜೆಕ್ಟಿನದ್ದು ಅಂತ ಹೇಳೋ ಪದ, ಬಿಟ್ಟಿದ್ದು. ಪುಸ್ತಕ ಅನ್ನೋ ಕ್ಲಾಸು, ಪುಟ ಅನ್ನೋ ಫೀಲ್ಡು, ಕನ್‌ಸ್ಟ್ರಕ್ಟರಿಗೆ ಬರೋ ಪ್ಯಾರಾಮೀಟರ್ (ಹೊರಗಿಂದ ಕೊಡೋ ಬೆಲೆ) ಹೆಸರೂ ಪುಟ, ಒಳಗೆ ಪುಟ = ಪುಟ ಅಂತ ಬರೆದಿರ್ತಾರೆ. ಪ್ರೋಗ್ರಾಮ್ ಓಡುತ್ತೆ, 320 ಕೊಟ್ರೂ ಸೊನ್ನೆ ಪ್ರಿಂಟ್ ಆಗುತ್ತೆ. ಒಬ್ಬ ಹುಡುಗ ಮುಕ್ಕಾಲು ಗಂಟೆ ಅದನ್ನೇ ನೋಡ್ತಾ ಕೂತಿದ್ದ, ನಾನು ಹೋಗಿ ಪಕ್ಕದಲ್ಲಿ ಕೂತು, ಆ ಸಾಲಲ್ಲಿ ಎಡಗಡೆ ಇರೋ ಪುಟ ಯಾವುದು, ಬೆರಳಿಟ್ಟು ತೋರ್ಸು ಅಂದೆ. ಮೇಲಿನ ಫೀಲ್ಡ್ ತೋರಿಸ್ದ. ಬಲಗಡೇದು ಅಂದೆ, ಪ್ಯಾರಾಮೀಟರ್ ತೋರಿಸ್ದ. ಎರಡೂ ಒಂದೇ ಹೆಸರು, ಕಂಪೈಲರಿಗೆ ನಿನ್ನ ಬೆರಳು ಕಾಣಲ್ವಲ್ಲ, ಅದು ಹತ್ತಿರ ಇರೋದನ್ನೇ ತಗೊಳ್ಳುತ್ತೆ ಅಂದೆ. ಒಂದ್ನಿಮಿಷ ಸುಮ್ನಿದ್ದು, ಅಂದ್ರೆ ಪ್ಯಾರಾಮೀಟರಿಗೆ ಅದರದ್ದೇ ಬೆಲೆ ಮತ್ತೆ ಹಾಕ್ತಿದೀನಾ ಸರ್ ಅಂದ. ಹೌದು. ದಿಸ್ ಅಂತ ಅವನೇ ಟೈಪ್ ಮಾಡ್ದ.

ಎರಡನೇದು ಇನ್ನೂ ಕೆಟ್ಟದ್ದು, ಕನ್‌ಸ್ಟ್ರಕ್ಟರ್ ಮುಂದೆ ವಾಯ್ಡ್ (ಏನೂ ವಾಪಸ್ ಕೊಡದ ಮೆಥಡ್ ಅನ್ನೋ ಗುರುತು) ಹಾಕ್ಬಿಡೋದು. ಮೆಥಡ್ ಬರೆದು ಬರೆದು ಕೈಗೆ ಅಭ್ಯಾಸ ಆಗಿರುತ್ತೆ, ಪಬ್ಲಿಕ್ ವಾಯ್ಡ್ ಗ್ರಂಥಾಲಯ ಅಂತ ಬರೆದು ಒಳಗೆ ಲಿಸ್ಟ್ ಹೊಸದಾಗಿ ಮಾಡಿರ್ತಾರೆ. ಜಾವಾ ಅದನ್ನ ಕನ್‌ಸ್ಟ್ರಕ್ಟರ್ ಅಂತ ತಗೊಳ್ಳೋದೇ ಇಲ್ಲ, ಕ್ಲಾಸಿನ ಹೆಸರೇ ಇರೋ ಒಂದು ಮಾಮೂಲಿ ಮೆಥಡ್ ಅಂತ ಇಟ್ಕೊಂಡು, ತಾನೇ ಒಂದು ಖಾಲಿ ಕನ್‌ಸ್ಟ್ರಕ್ಟರ್ ಹಾಕ್ಕೊಳ್ಳುತ್ತೆ. ಲಿಸ್ಟ್ ಹುಟ್ಟಲ್ಲ, ಮೊದಲನೇ ಪುಸ್ತಕ ಸೇರಿಸೋಕೆ ಹೋದ ತಕ್ಷಣ ನಲ್ ಪಾಯಿಂಟರ್ ಎಕ್ಸೆಪ್ಶನ್, ಅಂದ್ರೆ ಇಲ್ಲದ ಆಬ್ಜೆಕ್ಟನ್ನ ಬಳಸೋಕೆ ಹೋದ ಎರರ್. ಹುಡುಗ್ರು ಎರರ್ ಬಂದ ಸಾಲನ್ನೇ ದಿಟ್ಟಿಸ್ತಾ ಇರ್ತಾರೆ, ತಪ್ಪಿರೋದು ಇಪ್ಪತ್ತು ಸಾಲು ಮೇಲೆ. ಈ ಸಲ ಇದನ್ನ ನಾನೇ ಬೇಕಂತ ಕ್ಲಾಸಲ್ಲಿ ಮಾಡಿ ತೋರಿಸ್ದೆ, ಲಿಸ್ಟು ನಲ್ ಯಾಕಾಯ್ತು, ಅದು ಎಲ್ಲಿ ಹುಟ್ಟಬೇಕಿತ್ತು, ಅಲ್ಲಿಗೆ ಓಟ ಹೋಗಿದ್ಯಾ, ಹೋಗಿಲ್ದಿದ್ರೆ ಯಾಕೆ ಅಂತ ಹಿಂದಕ್ಕೆ ನಡ್ಕೊಂಡು ಹೋದ್ವಿ. ಡೀಬಗ್ ಮಾಡೋದಂದ್ರೆ ಹೀಗೆ ಹಿಂದಕ್ಕೆ ನಡೆಯೋದು ಅಂತ ಯಾರೂ ಹೇಳ್ಕೊಡಲ್ಲ, ಅದನ್ನ ಪಾಠದ ಒಳಗೇ ಸೇರಿಸ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಲ್ ಬಗ್ಗೆ ಹೇಳುವಾಗ ಬ್ರಿಟಿಷ್ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅವರ ವಿಷಯಾನೂ ಹೇಳ್ದೆ, 1965ರಲ್ಲಿ ಆಲ್ಗೋಲ್ ಡಬ್ಲ್ಯೂ ಭಾಷೆಗೆ ನಲ್ ರೆಫರೆನ್ಸ್ ಸೇರಿಸಿದ್ದು ಅವರೇ, 2009ರಲ್ಲಿ ಅದನ್ನ ತಮ್ಮ ನೂರು ಕೋಟಿ ಡಾಲರಿನ ತಪ್ಪು ಅಂತ ಬಹಿರಂಗವಾಗಿ ಒಪ್ಕೊಂಡ್ರು. ಅಂಥೋರಿಂದಾನೇ ಆಗಿದೆ, ನಿಮಗೆ ನಲ್ ಪಾಯಿಂಟರ್ ಬಂದ್ರೆ ಗಾಬರಿ ಬೇಡ, ಓದಿ ಅಂದೆ. ಎರರ್ ಮೆಸೇಜ್ ಓದೋದನ್ನೇ ಒಂದು ಲ್ಯಾಬ್ ಪೂರ್ತಿ ಮಾಡಿಸ್ದೆ, ಕೆಂಪಕ್ಷರ ಕಂಡ ಕೂಡ್ಲೇ ವಿಂಡೋ ಮುಚ್ಚೋ ಅಭ್ಯಾಸ ಬಿಡ್ಸೋಕೆ. ಮೊದಲ ಸಾಲು ಓದು, ಏನಾಯ್ತು ಅಂತ ಅಲ್ಲಿರುತ್ತೆ, ಆಮೇಲೆ ಕೆಳಗೆ ಬರ್ತಾ ಬರ್ತಾ ನಿನ್ನ ಫೈಲಿನ ಹೆಸರು ಮೊದಲು ಎಲ್ಲಿ ಕಾಣುತ್ತೋ ಆ ಸಾಲಿಗೆ ಹೋಗು. ಜಾವಾ 15ರಿಂದ ಈಚೆಗೆ ಯಾವ ವೇರಿಯೇಬಲ್ ನಲ್ ಆಗಿತ್ತು ಅನ್ನೋದೂ ಮೆಸೇಜಲ್ಲೇ ಬರೋ ಹಾಗಾಗಿದೆ, ಅಷ್ಟು ಬಿಡಿಸಿ ಹೇಳಿದ್ರೂ ಓದದೆ ಬಿಟ್ರೆ ನಷ್ಟ ನಮಗೇ.

ಇಡೀ ಕೋರ್ಸಲ್ಲಿ ನನಗೆ ಅತೀ ಮುಖ್ಯ ಅನ್ಸೋದು ನಾಲ್ಕನೇ ವಾರ. ರೆಫರೆನ್ಸ್, ಅಂದ್ರೆ ಆಬ್ಜೆಕ್ಟ್ ಎಲ್ಲಿದೆ ಅಂತ ತೋರಿಸೋ ವಿಳಾಸ. ಇದೊಂದು ತಲೇಲಿ ಸರಿಯಾಗಿ ಕೂತ್ರೆ ಮುಂದಿನದ್ದೆಲ್ಲಾ ಸಲೀಸು, ಇದು ಕೂರದೇ ಹೋದ್ರೆ ಹುಡುಗ್ರು ಕೊನೇವರೆಗೂ ಊಹೆ ಮೇಲೇ ಕೋಡ್ ಬರೀತಾರೆ, ಬಂದ್ರೆ ಬಂತು ಇಲ್ದಿದ್ರೆ ಇಲ್ಲ. ಬೋರ್ಡ್ ಮೇಲೆ ಮೂರು ಸಾಲು ಬರೆದೆ, ಎ ಅನ್ನೋ ಹೊಸ ಕೌಂಟರ್, ಬಿ = ಎ, ಬಿ ಹೆಚ್ಚಿಸು. ಈಗ ಎ ಎಷ್ಟು? ಓಡ್ಸೋ ಮುಂಚೆ ಕೈ ಎತ್ಸಿದೆ, ಸೊನ್ನೆ ಅನ್ನೋರು ಎತ್ತಿ, ಒಂದು ಅನ್ನೋರು ಎತ್ತಿ. ಅರ್ಧಕ್ಕಿಂತ ಜಾಸ್ತಿ ಜನ ಸೊನ್ನೆ ಅಂದ್ರು. ಓಡಿಸಿದ್ರೆ ಒಂದು. ಆಗ ಕ್ಲಾಸಲ್ಲಿ ಒಂದು ಗದ್ದಲ ಆಗುತ್ತಲ್ಲ, ಅದು ನನಗೆ ತುಂಬಾ ಇಷ್ಟ, ಯಾಕಂದ್ರೆ ತಮ್ಮ ಊಹೆ ತಪ್ಪಾದ್ಮೇಲೆ ಅವರಿಗೆ ಉತ್ತರ ಬೇಕಾಗಿರುತ್ತೆ, ನಾನು ತುರುಕ್ಬೇಕಾಗಿಲ್ಲ. ಮೊದಲ ದಿನದ ಕೌಂಟರ್ ಹುಡುಗೀನೇ ಮತ್ತೆ ನಿಲ್ಲಿಸ್ದೆ. ಅವಳು ಕೂರೋ ಜಾಗದ ನಂಬರ್ ಒಂದು ಚೀಟೀಲಿ ಬರೆದು ಒಬ್ಬನ ಕೈಗೆ ಕೊಟ್ಟೆ, ಇವನು ಎ ಅನ್ನೋ ವೇರಿಯೇಬಲ್. ಆ ಚೀಟಿ ನೋಡ್ಕೊಂಡು ಅದೇ ನಂಬರ್ ಬರ್ಕೋ ಅಂತ ಇನ್ನೊಬ್ಬನಿಗೆ ಹೇಳ್ದೆ, ಇವನು ಬಿ. ಈಗ ಕೌಂಟರ್ ಎಷ್ಟಿವೆ ಅಂದ್ರೆ ಇಡೀ ಕ್ಲಾಸು ಒಂದೇ ಅಂತು. ಚೀಟಿ ಎರಡು, ಕೌಂಟರ್ ಒಂದೇ.

ಅವತ್ತಿಂದ ಒಂದು ನಿಯಮ ಮಾಡಿದ್ವಿ, ಕೋಡ್ ಬಗ್ಗೆ ಅನುಮಾನ ಬಂದ್ರೆ ಮೊದಲು ಪೆಟ್ಟಿಗೆ ಬಾಣ ಬರೀಬೇಕು. ವೇರಿಯೇಬಲಿಗೊಂದು ಚಿಕ್ಕ ಪೆಟ್ಟಿಗೆ, ಆಬ್ಜೆಕ್ಟಿಗೊಂದು ದೊಡ್ಡ ಪೆಟ್ಟಿಗೆ, ಚಿಕ್ಕದರಿಂದ ದೊಡ್ಡದಕ್ಕೆ ಬಾಣ. ನ್ಯೂ ಅಂತ ಕಂಡಾಗ ಮಾತ್ರ ಹೊಸ ದೊಡ್ಡ ಪೆಟ್ಟಿಗೆ, ಬರೀ ಈಕ್ವಲ್ ಕಂಡ್ರೆ ಬಾಣ ತಿರುಗುತ್ತೆ ಅಷ್ಟೇ. ಮೆಥಡಿಗೆ ಆಬ್ಜೆಕ್ಟ್ ಕಳಿಸಿದ್ರೂ ಬಾಣದ ಕಾಪಿ ಹೋಗುತ್ತೆ, ಆಬ್ಜೆಕ್ಟಿನ ಕಾಪಿ ಅಲ್ಲ. ನನ್ನ ಹತ್ರ ಡೌಟ್ ಅಂತ ಬಂದೋರಿಗೆಲ್ಲಾ ಚಿತ್ರ ಎಲ್ಲಿ ಅಂತಾನೇ ಕೇಳ್ತಿದ್ದೆ. ಮುಕ್ಕಾಲು ಪಾಲು ಜನಕ್ಕೆ ಚಿತ್ರ ಬರೀತಾ ಬರೀತಾನೇ ಉತ್ತರ ಸಿಕ್ಕಿಬಿಡೋದು.

ಇದರ ಬೆನ್ನಿಗೇ == ಮತ್ತೆ ಇಕ್ವಲ್ಸ್ ಬಂತು. ಎರಡು ಬಾಣ ಒಂದೇ ಕಡೆ ತೋರಿಸ್ತಿದ್ಯಾ ಅನ್ನೋದು == ಕೇಳೋ ಪ್ರಶ್ನೆ, ಎರಡು ಪೆಟ್ಟಿಗೆ ಒಳಗಿರೋದು ಒಂದೇನಾ ಅನ್ನೋದು ಇಕ್ವಲ್ಸ್ ಕೇಳೋದು. ಚಿತ್ರ ಇದ್ದಿದ್ರಿಂದ ಇದು ಬೇಗ ಮುಗೀತು ಅನ್ಕೊಂಡೆ, ಆದ್ರೆ ಎರಡು ದಿನ ಆದ್ಮೇಲೆ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡ್ಕೊಂಡು ಸ್ಟಾಫ್ ರೂಮಿಗೇ ಬಂದ, ಸರ್ ನೀವು ಹೇಳಿದ್ದು ಸುಳ್ಳಾಗ್ತಿದೆ ಅಂತ. ಇಂಟಿಜರ್ (ಪೂರ್ಣಾಂಕ ಇಟ್ಕೊಳ್ಳೋ ಆಬ್ಜೆಕ್ಟ್) ಟೈಪಿನ ಎರಡು ವೇರಿಯೇಬಲ್, ಎರಡಕ್ಕೂ 100, == ಹಾಕಿದ್ರೆ ಟ್ರೂ. ಎರಡಕ್ಕೂ 1000 ಹಾಕಿದ್ರೆ ಫಾಲ್ಸ್. ಅವನ ಮುಖದಲ್ಲಿ ಸಿಟ್ಟೂ ಇತ್ತು ಖುಷೀನೂ ಇತ್ತು. ನಾನು ಉತ್ತರ ಹೇಳ್ಲಿಲ್ಲ, ಎಲ್ಲಿ ಬದಲಾಗುತ್ತೆ ಕಂಡುಹಿಡಿ, ನೂರಕ್ಕೂ ಸಾವಿರಕ್ಕೂ ಮಧ್ಯೆ ಎಲ್ಲೋ ಇದೆ ಅಂದೆ. ಅಲ್ಲೇ ನಿಂತು ಒಂದು ಲೂಪ್ ಬರೆದ, 127ರವರೆಗೂ ಟ್ರೂ, 128ರಿಂದ ಫಾಲ್ಸ್. ಆಮೇಲೆ ಕಾರಣ ಹೇಳಿದೆ, ಮೈನಸ್ 128ರಿಂದ 127ರವರೆಗಿನ ಇಂಟಿಜರ್ ಆಬ್ಜೆಕ್ಟುಗಳನ್ನ ಜಾವಾ ಮೊದಲೇ ಮಾಡಿಟ್ಕೊಂಡಿರುತ್ತೆ, ಹೀಗೆ ನೇರವಾಗಿ ಬೆಲೆ ಕೊಟ್ಟಾಗ ಕೇಳಿದೋರಿಗೆಲ್ಲಾ ಅದನ್ನೇ ಕೊಡುತ್ತೆ, ಅದಕ್ಕೆ ಬಾಣ ಒಂದೇ ಕಡೆ ಹೋಗುತ್ತೆ, ಆಚೆಗಿನವಕ್ಕೆ ಸಾಮಾನ್ಯವಾಗಿ ಹೊಸ ಪೆಟ್ಟಿಗೆ. ಅವನು ಪೆಟ್ಟಿಗೆ ಬಾಣ ಬರೆದು ತೋರಿಸಿ, ಹಾಗಾದ್ರೆ ನೀವು ಹೇಳಿದ್ದು ಸುಳ್ಳಲ್ಲ ಸರ್ ಅಂತ ಹೇಳಿ ಹೋದ. ನಾನು ಹೇಳಿದ ಮಾತನ್ನ ಒಬ್ಬ ವಿದ್ಯಾರ್ಥಿ ಮನೇಲಿ ಕೂತು ಪರೀಕ್ಷೆ ಮಾಡಿ ನೋಡಿ ಜಗಳಕ್ಕೆ ಬರ್ತಾನೆ ಅಂದ್ರೆ ಅದಕ್ಕಿಂತ ಸಂತೋಷ ನನಗೆ ಬೇರೆ ಇಲ್ಲ.

ಐದನೇ ವಾರ ಮಾತ್ರ ನಾನು ಎಡವಿದೆ, ಸ್ಟ್ಯಾಟಿಕ್, ಅಂದ್ರೆ ಒಂದೊಂದು ಆಬ್ಜೆಕ್ಟಿಗಲ್ಲ ಇಡೀ ಕ್ಲಾಸಿಗೆ ಸೇರಿದ್ದು. ಬ್ಲೂಜೆಯಿಂದ ಮೇನ್ ಇರೋ ಪ್ರೋಗ್ರಾಮಿಗೆ ಬಂದ ತಕ್ಷಣ ಎಲ್ಲರಿಗೂ ಅದೇ ಎರರ್, ಸ್ಟ್ಯಾಟಿಕ್ ಅಲ್ಲದ್ದನ್ನ ಸ್ಟ್ಯಾಟಿಕ್ ಜಾಗದಿಂದ ಮುಟ್ಟೋ ಹಾಗಿಲ್ಲ ಅಂತ. ಎಡಿಟರ್ ಬೇರೆ ಸಲಹೆ ಕೊಡುತ್ತೆ, ಇದನ್ನೂ ಸ್ಟ್ಯಾಟಿಕ್ ಮಾಡು ಅಂತ. ಒಂದು ಕ್ಲಿಕ್ಕಿಗೆ ಎರರ್ ಮಾಯ. ಒಬ್ಬಳು ಹಾಗೇ ಒಂದೊಂದಾಗಿ ಒಪ್ಪಿಕೊಳ್ತಾ ಹೋಗಿ ಪುಸ್ತಕದ ಹೆಸರು ಅನ್ನೋ ಫೀಲ್ಡನ್ನೂ ಸ್ಟ್ಯಾಟಿಕ್ ಮಾಡಿದ್ಲು, ಐದು ಪುಸ್ತಕ ಸೇರಿಸಿ ಪಟ್ಟಿ ಪ್ರಿಂಟ್ ಮಾಡಿದ್ರೆ ಐದಕ್ಕೂ ಕೊನೇ ಪುಸ್ತಕದ ಹೆಸರು. ಲಿಸ್ಟಲ್ಲಿ ತಪ್ಪಿದೆ ಅಂತ ಲಿಸ್ಟನ್ನೇ ಮೂರು ಸಲ ಬರೆದಿದ್ಲು ಪಾಪ. ಚಿತ್ರ ಬರಿ ಅಂದೆ. ಹೆಸರನ್ನ ಎಲ್ಲಿ ಬರೀಲಿ ಸರ್, ಆಬ್ಜೆಕ್ಟ್ ಒಳಗಾ ಅಂದ್ಲು. ಸ್ಟ್ಯಾಟಿಕ್ ಫೀಲ್ಡ್ ಆಬ್ಜೆಕ್ಟ್ ಪೆಟ್ಟಿಗೆ ಒಳಗೆ ಇರಲ್ಲ, ಕ್ಲಾಸಿಗೆ ಅಂತ ಇರೋ ಬೋರ್ಡಲ್ಲಿ ಒಂದೇ ಒಂದು ಕಡೆ ಇರುತ್ತೆ ಅಂತ ನಾನು ಅವತ್ತಿನವರೆಗೂ ಚಿತ್ರದಲ್ಲಿ ತೋರಿಸೇ ಇರ್ಲಿಲ್ಲ. ಅದು ನನ್ನ ಕಡೆಯಿಂದ ಆದ ತಪ್ಪು, ಮಾರನೇ ದಿನ ಅರ್ಧ ಗಂಟೆ ಅದಕ್ಕೇ ಇಟ್ಟೆ.

ಲ್ಯಾಬಲ್ಲಿ ನಾನು ನನಗೇ ಹಾಕ್ಕೊಂಡಿದ್ದ ನಿಯಮ ಒಂದೇ, ಅವರ ಕೀಬೋರ್ಡ್ ಮುಟ್ಟಬಾರ್ದು. ಇದು ಹೇಳಿದಷ್ಟು ಸುಲಭ ಅಲ್ಲ. ತಪ್ಪು ಕಣ್ಣಿಗೆ ಕಾಣ್ತಾ ಇರುತ್ತೆ, ಒಂದು ಸೆಮಿಕೋಲನ್, ಇಫ್ ಷರತ್ತು ಮುಗಿದ ಕೂಡ್ಲೇ ಬಿದ್ದಿರೋ ಒಂದೇ ಒಂದು ಸೆಮಿಕೋಲನ್, ಪಕ್ಕದಲ್ಲಿ ಇನ್ನು ಹತ್ತು ಜನ ಕೈ ಎತ್ತಿರ್ತಾರೆ, ಕೈ ತಾನಾಗೇ ಹೋಗುತ್ತೆ. ಆದ್ರೆ ನಾನು ಸರಿ ಮಾಡಿಕೊಟ್ಟ ಪ್ರೋಗ್ರಾಮ್ ನನ್ನದೇ, ಅವರದ್ದಲ್ಲ. ಅದಕ್ಕೆ ಕೈ ಕಟ್ಕೊಂಡೇ ನಿಲ್ತಿದ್ದೆ, ಈ ಸಾಲು ಏನು ಮಾಡುತ್ತೆ ಹೇಳು, ಇದಾದ್ಮೇಲೆ ಬೆಲೆ ಎಷ್ಟಿರುತ್ತೆ ಅನ್ಕೊಂಡಿದ್ದೀಯ, ಪ್ರಿಂಟ್ ಮಾಡಿ ನೋಡು, ಇಷ್ಟೇ ಮಾತು.

ಎಐ ವಿಷಯ ಹೇಳದೆ ಹೋದ್ರೆ ಪೂರ್ತಿ ಆಗಲ್ಲ. ಆರನೇ ವಾರದ ಅಸೈನ್‌ಮೆಂಟಲ್ಲಿ ನಾನಿನ್ನೂ ಪಾಠ ಮಾಡದೇ ಇದ್ದ ಸ್ಟ್ರೀಮು, ಲ್ಯಾಂಬ್ಡಾ ಎಲ್ಲಾ ಇದ್ದ ಕೋಡ್ ಬಂತು. ಬೈಯೋಕೆ ಹೋಗ್ಲಿಲ್ಲ, ಬ್ಯಾನ್ ಮಾಡೋದ್ರಲ್ಲಿ ನನಗೆ ನಂಬಿಕೇನೂ ಇಲ್ಲ. ಬದಲಿಗೆ ಮಾರ್ಕ್ಸನ್ನ ಐದು ನಿಮಿಷದ ವೈವಾಗೆ ಹಾಕ್ದೆ, ಅವರದೇ ಕೋಡ್ ತೆಗೆಸಿ, ಒಬ್ಬ ಸದಸ್ಯ ಒಂದೇ ಪುಸ್ತಕ ಎರಡು ಸಲ ತಗೊಳ್ಳೋಕೆ ಆಗಬಾರ್ದು, ಎಲ್ಲಿ ಬದಲಾಯಿಸ್ತೀಯ ತೋರ್ಸು ಅಂತ. ಬರೆದೋರಿಗೆ ಅರ್ಧ ನಿಮಿಷ ಸಾಕು, ಅಂಟಿಸಿದೋರಿಗೆ ಎಲ್ಲಿ ನೋಡ್ಬೇಕು ಅಂತಾನೇ ಗೊತ್ತಾಗಲ್ಲ. ಎರಡನೇ ವೈವಾ ಹೊತ್ತಿಗೆ ಹೆಚ್ಚಿನೋರು, ಎಐ ಕೇಳಿದ್ರೂ ಪರ್ವಾಗಿಲ್ಲ, ಬಂದಿದ್ದನ್ನ ಓದ್ಕೊಂಡು ಚಿತ್ರ ಬರ್ಕೊಂಡು ಬರೋಕೆ ಶುರು ಮಾಡಿದ್ರು. ಎಲ್ಲರೂ ಅಲ್ಲ, ಕೆಲವರನ್ನ ನಾನು ಕೊನೇವರೆಗೂ ತಲುಪೋಕೆ ಆಗ್ಲಿಲ್ಲ, ಅದು ಈಗ್ಲೂ ಬೇಜಾರಿದೆ.

ಇನ್‌ಹೆರಿಟೆನ್ಸ್, ಅಂದ್ರೆ ಒಂದು ಕ್ಲಾಸು ಇನ್ನೊಂದರ ಗುಣಗಳನ್ನ ಪಡೆಯೋದು, ಬಂದಿದ್ದು ಒಂಬತ್ತನೇ ವಾರ. ಮೊದಲೆಲ್ಲಾ ಎರಡನೇ ವಾರಕ್ಕೇ ಮುಗ್ಸಿಬಿಡ್ತಿದ್ದೆ, ಆಗ ಹುಡುಗ್ರು ಕಂಡ ಕಂಡಲ್ಲೆಲ್ಲಾ ಎಕ್ಸ್‌ಟೆಂಡ್ಸ್ (ಇನ್‌ಹೆರಿಟ್ ಮಾಡೋ ಕೀವರ್ಡ್) ಹಾಕೋರು, ಗ್ರಂಥಾಲಯದಲ್ಲಿ ಪುಸ್ತಕ ಇದೆ ಅಂತ ಪುಸ್ತಕ ಎಕ್ಸ್‌ಟೆಂಡ್ಸ್ ಗ್ರಂಥಾಲಯ ಅಂತಾನೂ ಬರೆದಿದ್ದುಂಟು. ಈ ಸಲ ಅದಕ್ಕೆ ಮುಂಚೆ ಒಂದು ಆಬ್ಜೆಕ್ಟ್ ಒಳಗೆ ಇನ್ನೊಂದು ಇಟ್ಕೊಳ್ಳೋದನ್ನ ಸಾಕಷ್ಟು ಮಾಡಿದ್ರಿಂದ, ಇದೆ ಅನ್ನೋ ಸಂಬಂಧ ಬೇರೆ, ಆಗಿದೆ ಅನ್ನೋ ಸಂಬಂಧ ಬೇರೆ ಅಂತ ಅವರ ಬಾಯಿಂದಾನೇ ಬಂತು. ದೊಡ್ಡೋರೂ ಇದರಲ್ಲಿ ಎಡವಿದ್ದಾರೆ ಅಂತ ತೋರ್ಸೋಕೆ ಜಾವಾದ ಸ್ವಂತ ಲೈಬ್ರರಿಯ ಸ್ಟ್ಯಾಕ್ ಕ್ಲಾಸೇ ತೆಗೆದೆ. ಅದು ವೆಕ್ಟರ್ ಅನ್ನೋ, ಎಲ್ಲಿ ಬೇಕಾದ್ರೂ ಐಟಂ ಸೇರಿಸಬಹುದಾದ ಪಟ್ಟಿ ಕ್ಲಾಸನ್ನ ಎಕ್ಸ್‌ಟೆಂಡ್ ಮಾಡುತ್ತೆ, ಹಾಗಾಗಿ ಮೇಲಿಂದ ಮಾತ್ರ ಇಡ್ಬೇಕು ತೆಗೀಬೇಕು ಅನ್ನೋ ಸ್ಟ್ಯಾಕಿನ ತಳಕ್ಕೇ ನೇರವಾಗಿ ಒಂದು ಐಟಂ ತೂರಿಸ್ಬಹುದು. ಲೈವ್ ಆಗಿ ಆಡ್ ಮೆಥಡಿಗೆ ಇಂಡೆಕ್ಸ್ ಸೊನ್ನೆ ಕೊಟ್ಟು ತೂರಿಸ್ದೆ, ಯಾರೂ ತಡೀಲಿಲ್ಲ. ಇದೂ ಚೀಟೀಲಿ ನೂರು ಬರೆದ ಹಾಗೇ ಅಲ್ವಾ ಸರ್ ಅಂತ ಒಬ್ಬಳು ಅಂದ್ಲು. ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ ಅವರು 1987ರಲ್ಲಿ ಮುಂದಿಟ್ಟ ವಿಚಾರ, ಅಪ್ಪ ಕ್ಲಾಸ್ ನಿಲ್ಲೋ ಕಡೆಯೆಲ್ಲಾ ಮಗ ಕ್ಲಾಸ್ ನಿಲ್ಸಿದ್ರೂ ಪ್ರೋಗ್ರಾಮ್ ಕೆಡಬಾರ್ದು ಅನ್ನೋದನ್ನ ಅದಾದ್ಮೇಲೆ ಹೇಳ್ದೆ, ಬೇಗ ಹಿಡಿದ್ರು.

ಪಾಲಿಮಾರ್ಫಿಸಂಗೆ (ಒಂದೇ ಕರೆಗೆ ಒಂದೊಂದು ಆಬ್ಜೆಕ್ಟ್ ತನ್ನದೇ ರೀತಿ ಉತ್ತರಿಸೋದು) ನಾಯಿ ಬೆಕ್ಕು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಗ್ರಂಥಾಲಯದ ಪ್ರೋಗ್ರಾಮಲ್ಲಿ ಸದಸ್ಯರು ಪುಸ್ತಕ ಎಷ್ಟು ದಿನ ಇಟ್ಕೋಬಹುದು ಅನ್ನೋದಿತ್ತು, ವಿದ್ಯಾರ್ಥಿ ಆದ್ರೆ 14, ಅಧ್ಯಾಪಕರಾದ್ರೆ 30, ಇಫ್ ಎಲ್ಸ್ ಹಾಕಿ ಬರೆದಿದ್ರು. ಸರಿ, ಈಗ ಸಂಶೋಧಕರು ಅಂತ ಹೊಸ ತರದ ಸದಸ್ಯರು ಬಂದ್ರು, ಸೇರಿಸಿ ಅಂದೆ. ಹುಡುಕಿ ನೋಡಿದ್ರೆ ಅದೇ ಇಫ್ ಎಲ್ಸ್ ನಾಲ್ಕು ಜಾಗದಲ್ಲಿತ್ತು, ಸುಮಾರು ಜನ ಮೂರು ಕಡೆ ತಿದ್ದಿ ಒಂದು ಕಡೆ ಮರೆತ್ರು. ಆ ನೋವು ಅನುಭವಿಸಿದ್ಮೇಲೇ ಸದಸ್ಯ ಅನ್ನೋ ಇಂಟರ್‌ಫೇಸ್ (ಯಾವ ಮೆಥಡ್ ಇರ್ಲೇಬೇಕು ಅಂತ ಹೇಳೋ ಒಪ್ಪಂದ) ಮಾಡಿ, ಎಷ್ಟು ದಿನ ಅಂತ ಆಯಾ ಆಬ್ಜೆಕ್ಟನ್ನೇ ಕೇಳೋ ಹಾಗೆ ಬದಲಾಯಿಸಿದ್ವಿ. ಇನ್ನೂ ಒಂದು ತರದ ಸದಸ್ಯರನ್ನ ಸೇರಿಸಿ ಅಂದಾಗ ಹೊಸ ಫೈಲ್ ಒಂದು, ಆಬ್ಜೆಕ್ಟ್ ಹುಟ್ಟಿಸೋ ಕಡೆ ಒಂದು ಸಾಲು, ಉಳಿದ ಕೋಡ್ ಹಾಗೇ. ಎರಡು ನಿಮಿಷದ ಕೆಲಸ. ಇಷ್ಟೇನಾ ಸರ್ ಪಾಲಿಮಾರ್ಫಿಸಂ ಅಂತ ಕೇಳಿದ್ರು, ಹೌದು ಇಷ್ಟೇ ಅಂದೆ.

ಕೊನೇ ಪರೀಕ್ಷೇಲಿ ಡೆಫಿನಿಶನ್ ಪ್ರಶ್ನೆ ಕಮ್ಮಿ ಮಾಡಿ, ಹನ್ನೆರಡು ಸಾಲಿನ ಕೋಡ್ ಕೊಟ್ಟು ಕೊನೇ ಸಾಲು ಓಡಿದ ಹೊತ್ತಿಗೆ ಮೆಮೊರಿ ಹೇಗಿರುತ್ತೆ ಬರೀರಿ ಅಂತ ಕೇಳಿದ್ದೆ. ಉತ್ತರ ಪತ್ರಿಕೆ ತುಂಬಾ ಪೆಟ್ಟಿಗೆ ಬಾಣ. ತಪ್ಪಾದ ಚಿತ್ರದಲ್ಲೂ ಎಲ್ಲಿ ತಪ್ಪಿದ್ದಾರೆ ಅಂತ ಸ್ಪಷ್ಟವಾಗಿ ಕಾಣ್ತಿತ್ತು, ಒಬ್ಬ ನ್ಯೂ ಇಲ್ಲದ ಕಡೆ ಹೊಸ ಪೆಟ್ಟಿಗೆ ಹಾಕಿದ್ದ, ಇನ್ನೊಬ್ಬಳು ಮೆಥಡ್ ಮುಗಿದ್ಮೇಲೂ ಲೋಕಲ್ ವೇರಿಯೇಬಲ್ ಹಾಗೇ ಉಳಿಸಿದ್ಲು. ಡೆಫಿನಿಶನ್ ತಿದ್ದುವಾಗ ಇಂಥದ್ದು ಯಾವತ್ತೂ ಗೊತ್ತಾಗ್ತಿರ್ಲಿಲ್ಲ.

ಮುಂದಿನ ಸಲಕ್ಕೆ ಪ್ಲಾನ್ ಈಗ್ಲೇ ಬರೆದಿಟ್ಟಿದ್ದೀನಿ. ಸ್ಟ್ಯಾಟಿಕ್ ಪಾಠ ರೆಫರೆನ್ಸ್ ಚಿತ್ರದ ಜೊತೇಲೇ ನಾಲ್ಕನೇ ವಾರಕ್ಕೆ, ಕ್ಲಾಸಿನ ಬೋರ್ಡ್ ಬೇರೆ ಬಣ್ಣದ ಚಾಕ್‌ಪೀಸಲ್ಲಿ. ಟೆಸ್ಟ್ ಬರೆಯೋದನ್ನ ಹನ್ನೊಂದನೇ ವಾರಕ್ಕೆ ಇಟ್ಟಿದ್ದು ತುಂಬಾ ತಡ ಆಯ್ತು, ಅದನ್ನ ಮೂರಕ್ಕೆ ತರ್ಬೇಕು, ಕೌಂಟರ್ ಮಾಡಿದ ದಿನಾನೇ ಮೂರು ಸಲ ಹೆಚ್ಚಿಸಿದ್ರೆ ಮೂರು ಬರುತ್ತಾ ಅಂತ ಒಂದು ಟೆಸ್ಟ್. ಹ್ಯಾಶ್‌ಕೋಡ್, ಅಂದ್ರೆ ಆಬ್ಜೆಕ್ಟನ್ನ ಬೇಗ ಹುಡುಕೋಕೆ ಅದರಿಂದ ಲೆಕ್ಕ ಹಾಕೋ ಸಂಖ್ಯೆ, ಈ ಸಲ ಅವಸರದಲ್ಲಿ ಹೋಯ್ತು, ಇಕ್ವಲ್ಸ್ ಬರೆದು ಹ್ಯಾಶ್‌ಕೋಡ್ ಬಿಟ್ರೆ ಒಂದೇ ತರದ್ದನ್ನ ಎರಡು ಸಲ ಇಟ್ಕೊಳ್ಳಬಾರದ ಹ್ಯಾಶ್‌ಸೆಟ್ ಅನ್ನೋ ಸಂಗ್ರಹದ ಒಳಗೆ ಒಂದೇ ಪುಸ್ತಕ ಎರಡು ಸಲ ಹೇಗೆ ಬಂದು ಕೂರುತ್ತೆ ಅನ್ನೋದನ್ನ ಹುಡುಗ್ರ ಕೈಲೇ ಮಾಡಿ ನೋಡ್ಸೋಕೆ ಒಂದು ಪೂರ್ತಿ ಲ್ಯಾಬ್ ಬೇಕು, ಅದಕ್ಕೆ ಜಾಗ ಎಲ್ಲಿಂದ ತರೋದು ಅಂತ ಇನ್ನೂ ಯೋಚಿಸ್ತಾ ಇದ್ದೀನಿ.